ಕಾಶಿಯಲ್ಲಿ ಬಿಟ್ಟ ಬೈಕು

ಮಕ್ಕಳನ್ನು ಬೈಕ್ ಕ್ಲಬ್ಬಿಗೆ ಸೇರಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ನಾನು ವೃತ್ತಿಯಲ್ಲಿ ಸರ್ವೆಯರ್. ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರ ಹೊಲದ ನಡುವೆ ಸರಪಳಿ ಎಳೆದು, ಗಡಿಕಲ್ಲು ನೆಟ್ಟು, ಇಬ್ಬರನ್ನೂ ಒಂದೇ ಜಗಲಿ ಮೇಲೆ ಕೂರಿಸಿ ಚಹಾ ಕುಡಿಸಿ ಬಂದವನು. ಅಂಥವನಿಗೆ ಎರಡು ಮಕ್ಕಳು, ಎರಡು ಅರ್ಜಿ, ನಾಲ್ಕು ಫೋಟೋ ಒಂದು ಲೆಕ್ಕವೇ? "ಅರ್ಧ ಗಂಟೆ ಕೆಲಸ!" ಎಂದು ಹೆಂಡತಿ ಶೈಲಾಳಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಅವಳು ಏನೂ ಹೇಳದೆ ಇದ್ದಾಗಲೆಲ್ಲ ನನಗೆ ಏನೋ ಒಂದು ಕಾದಿರುತ್ತದೆ.

ನಮ್ಮ ಮನೆ ಶಿಕಾರಿಪುರದಲ್ಲಿ. ಕ್ಲಬ್ಬು ಇರುವುದು ಸೊರಬ ದಾಟಿ, ಕುಪ್ಪಗಡ್ಡೆ ಹತ್ತಿರ. ಭತ್ತದ ಕೊಯ್ಲು ಮುಗಿದು ಖಾಲಿ ಬಿದ್ದ ಗದ್ದೆಯಲ್ಲಿ ಹಳೇ ಟೈರುಗಳನ್ನು ಸಾಲಾಗಿಟ್ಟು, ತಿರುವುಗಳಲ್ಲಿ ಹುಲ್ಲಿನ ಹೊರೆ ಪೇರಿಸಿ ಮಾಡಿದ ಟ್ರ್ಯಾಕು. ಏಳರಿಂದ ಹದಿನಾಲ್ಕು ವರ್ಷದ ಮಕ್ಕಳು ಭಾನುವಾರ ಬೆಳಿಗ್ಗೆ ಅಲ್ಲಿ ಪುಟ್ಟ ಪುಟ್ಟ ಬೈಕು ಓಡಿಸುತ್ತಾರೆ. ತಲೆಗೆ ಹೆಲ್ಮೆಟ್ಟು, ಎದೆಗೆ ಕವಚ, ಮೊಣಕಾಲು ಮೊಣಕೈಗೆ ಗಟ್ಟಿ ಪಟ್ಟಿ. ಲೈಸೆನ್ಸು ಬರುವ ವಯಸ್ಸಿನವರೆಗೆ ರಸ್ತೆಗೆ ಮಾತ್ರ ಇಳಿಯುವಂತಿಲ್ಲ. ಇಳಿದರೆ ಮಾರನೇ ದಿನವೇ ಕ್ಲಬ್ಬಿನಿಂದ ಹೊರಗೆ. ಇದನ್ನೆಲ್ಲ ನಡೆಸುವವರು ನಾಗರತ್ನ ಮೇಡಂ ಎಂಬ ನಿವೃತ್ತ ಪಿ.ಟಿ. ಟೀಚರು ಎಂದು ಶೈಲಾ ಹೇಳಿದ್ದಳು. ಆ ಹೆಸರು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹತ್ತು ವರ್ಷದ ಮಗಳು ಸ್ಫೂರ್ತಿ ಈ ಕ್ಲಬ್ಬಿಗಾಗಿ ಆರು ತಿಂಗಳಿಂದ ನಮ್ಮ ಜೀವ ತಿಂದಿದ್ದಳು. ಎಂಟು ವರ್ಷದ ಚಿನ್ಮಯ ಕೇಳಿದವನೇ ಅಲ್ಲ. ಅವನು ಸೈಕಲ್ಲಿಗೇ ಹೆದರುವವನು. ಶಾಲೆಯ ಜಾರುಬಂಡಿಯ ಮೆಟ್ಟಿಲು ಹತ್ತಿ, ಮೇಲೆ ಸ್ವಲ್ಪ ಹೊತ್ತು ಕೂತು, ಅದೇ ಮೆಟ್ಟಿಲಿನಿಂದ ಇಳಿದು ಬರುವವನು! ಆ ಹೆದರಿಕೆ ಯಾರ ಖಾತೆಯಿಂದ ಅವನ ಖಾತೆಗೆ ವರ್ಗವಾಗಿದೆ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಹೇಗಾದರೂ ಮಾಡಿ ಅವನನ್ನು ಒಂದು ಸಲ ಬೈಕಿನ ಮೇಲೆ ಕೂರಿಸಿಬಿಡಬೇಕು, ಇಲ್ಲದಿದ್ದರೆ ಅವನೂ ನನ್ನ ಹಾಗೆ ಜನ್ಮವಿಡೀ ಹಿಂದಿನ ಸೀಟಿನ ಗಿರಾಕಿಯಾಗುತ್ತಾನೆ ಎನ್ನುವುದೇ ನನ್ನ ಚಿಂತೆ.

ಇಲ್ಲಿ ಓದುಗರಲ್ಲಿ ಒಂದು ವಿಷಯವನ್ನು ವಿನಯಪೂರ್ವಕ ನಿವೇದಿಸಿಕೊಳ್ಳಬೇಕು. ನನಗೆ ಬೈಕು ಬರುವುದಿಲ್ಲ. ಈಗ ಬರುವುದಿಲ್ಲ ಎಂದಲ್ಲ, ಯಾವತ್ತೂ ಬಂದಿಲ್ಲ. ಹೊಲ ಅಳೆಯಲು ಹೋಗುವಾಗ ಅರ್ಜಿದಾರರೇ ಬಂದು ಕರೆದುಕೊಂಡು ಹೋಗಿ, ಸಂಜೆ ತಂದು ಬಿಡುತ್ತಾರೆ. ಉಳಿದಂತೆ ಬಸ್ಸು. ಅದೂ ಇಲ್ಲದಿದ್ದರೆ ಶೈಲಾಳ ಸ್ಕೂಟರು. ಅವಳು ಮುಂದೆ, ನಾನು ಹಿಂದೆ.

ಆದರೆ ಮನೆಯಲ್ಲಿ ಚಾಲ್ತಿಯಲ್ಲಿದ್ದ ದಾಖಲೆ ಬೇರೆ. ಹೆಣ್ಣು ನೋಡಲು ಸೊರಬಕ್ಕೆ ಹೋದಾಗ ಮಾವನಾಗಲಿದ್ದವರು ಉಪ್ಪಿಟ್ಟಿನ ತಟ್ಟೆ ಕೈಗೆ ಕೊಡುತ್ತಾ, "ಬಸ್ಸಲ್ಲೇ ಬಂದ್ರಾ? ಬೈಕು ಗೀಕು ಓಡ್ಸಲ್ವಾ?" ಎಂದು ಕೇಳಿದ್ದರು. ಬಾಗಿಲ ಮರೆಯಲ್ಲಿ ಶೈಲಾ ನಿಂತಿದ್ದಳು. ಬರುವುದಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಅದೇ ವರ್ಷ ಅವ್ವನನ್ನು ಕಾಶಿಗೆ ಕರೆದುಕೊಂಡು ಹೋಗಿ ಬಂದಿದ್ದೆ. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು ತಾನೆ? ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಕಾಲೇಜಿನಾಗ ಬೈಕ್ ಅಂದ್ರ ಪ್ರಾಣ ಇತ್ರಿ. ಕಾಶಿಯೊಳಗ ಬಿಟ್ಟು ಬಂದೆ."

ಮಾವನವರು ಕೈ ಮುಗಿದರು! ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿದರು.

ಆಮೇಲೆ ಆ ಸುಳ್ಳು ನನ್ನನ್ನು ಕೇಳದೆ ತಾನೇ ಬೆಳೆಯಿತು. ಮಕ್ಕಳಿಗೆ ಮಾತು ಬರುವ ಹೊತ್ತಿಗೆ ನಾನು ಬಂದಳಿಕೆ ದಾರಿಯಲ್ಲಿ ಎರಡೂ ಕೈ ಬಿಟ್ಟು ಬೈಕ್ ಓಡಿಸಿದವನಾಗಿದ್ದೆ. ಈಸೂರಿನ ಹತ್ತಿರ ಬಸ್ಸನ್ನು ಹಿಂದೆ ಹಾಕಿದವನಾಗಿದ್ದೆ. ಚಿನ್ಮಯ ಈ ಕಥೆಗಳನ್ನು ಕೇಳದೆ ಊಟ ಮಾಡುತ್ತಿರಲಿಲ್ಲ. ಅವನಿಗೆ ಊಟ ಸೇರಲಿ ಎಂದು ನಾನು ಬಸ್ಸುಗಳ ಸಂಖ್ಯೆ ಹೆಚ್ಚಿಸುತ್ತಾ ಹೋದೆ.

ಭಾನುವಾರ ಬೆಳಿಗ್ಗೆ ನಾಲ್ವರೂ ಬಸ್ಸು ಹತ್ತಿದೆವು. ಜೊತೆಗೆ ಒಂದು ಬೂದುಗುಂಬಳ, ಒಂದು ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು, ಅರಿಸಿನ ಕುಂಕುಮ, ಊದಿನಕಡ್ಡಿ ಮತ್ತು ಆರು ಮೊಳ ಸೇವಂತಿಗೆ ಹಾರ. ಮಕ್ಕಳು ಮೊದಲ ಸಲ ಗಾಡಿ ಹತ್ತುವಾಗ ಗಾಡಿಗೆ ಪೂಜೆ ಆಗದಿದ್ದರೆ ಹೇಗೆ? ಶೈಲಾ, "ರೀ, ಅದು ಕ್ಲಬ್ಬಿನ ಗಾಡಿ, ನಮ್ದಲ್ಲ" ಎಂದಳು. "ಯಾರದಾದ್ರೇನು, ಕೂರೋರು ನಮ್ಮ ಮಕ್ಕಳಲ್ಲೇನು?" ಎಂದು ನಾನು ಬಾಯಿ ಮುಚ್ಚಿಸಿದೆ. ಕಂಡಕ್ಟರು ಕುಂಬಳಕಾಯಿಯನ್ನು ನೋಡಿ, "ಹೊಸಾ ಲಾರಿ ತಗಂಡ್ರಾ ಸಾರ್?" ಎಂದು ಕೇಳಿದ. ನಾನು ಇಲ್ಲವೆನ್ನಲಿಲ್ಲ.

ಟ್ರ್ಯಾಕಿನ ಅಂಚಿಗೆ ಹಾಕಿದ್ದ ಮೇಜಿನ ಹಿಂದೆ, ಕೊರಳಲ್ಲಿ ಸೀಟಿ ತೂಗಿಹಾಕಿಕೊಂಡು, ಟ್ರ್ಯಾಕ್ ಪ್ಯಾಂಟಿನ ಮೇಲೆ ಕುರ್ತಾ ತೊಟ್ಟ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಮುಖ ಎತ್ತಿ ನನ್ನನ್ನು ಎರಡು ಕ್ಷಣ ನೋಡಿದರು.

"ಏ ಹಾಲೇಶ! ಒಂಬತ್ತನೇ ಬಿ ಸೆಕ್ಷನ್ನು! ಸ್ಪೋರ್ಟ್ಸ್ ಡೇ ಬಂತಂದ್ರೆ ಹೊಟ್ಟೆನೋವು!"

ನನ್ನ ಕಾಲುಗಳು ತಾವಾಗಿಯೇ ಅಟೆನ್ಷನ್ನಿಗೆ ಬಂದವು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನನ್ನು ಓಡಿಸಲು ಪ್ರಯತ್ನಿಸಿ ಸೋತ ನಾಗರತ್ನ ಮೇಡಂ! "ನಮಸ್ಕಾರ ಮೇಡಂ" ಎನ್ನುವಾಗ ಕಂಕುಳಲ್ಲಿದ್ದ ಕುಂಬಳಕಾಯಿ ಜಾರತೊಡಗಿತು.

ಅವರು ಅರ್ಜಿ ಕೊಟ್ಟರು. ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲ ಸರಿಯಾಗಿ ಸಾಗಿತು. ಕೊನೆಯಲ್ಲಿ ಒಂದು ಕಾಲಂ: ಪೋಷಕರ ಚಾಲನಾ ಅನುಭವ. ಚಿನ್ಮಯ ನನ್ನ ಮೊಣಕೈ ಹತ್ತಿರ ಬಗ್ಗಿ ನೋಡುತ್ತಿದ್ದ. ಬರೆದೆ: "ಹತ್ತು ವರ್ಷ. ಸದ್ಯ ಧಾರ್ಮಿಕ ಕಾರಣಗಳಿಂದ ಸ್ಥಗಿತ."

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಹಾಲೇಶ, ಇಲ್ಲೊಂದು ಪದ್ಧತಿ ಇದೆ. ಮಗು ಗಾಡಿ ಹತ್ತೋ ಮೊದ್ಲು ಅಪ್ಪನೋ ಅಮ್ಮನೋ ಒಂದು ಸುತ್ತು ಹಾಕ್ಬೇಕು. ಮಗಿಗೆ ಹೆಂಗಾಗುತ್ತೆ ಅಂತ ದೊಡ್ಡೋರಿಗೂ ಗೊತ್ತಾಗ್ಬೇಕು. ಆಮೇಲೆ ಬೇಲಿ ಹೊರಗೆ ನಿಂತು 'ಹಂಗೆ ಹಿಡಿ, ಹಿಂಗೆ ತಿರುಗ್ಸು' ಅಂತ ಕೂಗೋದು ಕಮ್ಮಿಯಾಗುತ್ತೆ. ಓಡ್ಸಕ್ಕೆ ಬರ್ದಿದ್ರೆ ಹಗ್ಗದ ಗಾಡಿ ಕೊಡ್ತೀನಿ."

ಹಗ್ಗದ ಗಾಡಿ ಎಂದರೆ, ಎಂಜಿನ್ ನಿಲ್ಲಿಸುವ ಗುಂಡಿಗೆ ಉದ್ದನೆಯ ಹಗ್ಗ ಕಟ್ಟಿದ ಬೈಕು. ಹಿಂದೆ ಬರುವವರು ಹಗ್ಗದ ತುದಿ ಹಿಡಿದಿರುತ್ತಾರೆ. ಎಳೆದರೆ ಎಂಜಿನ್ ಬಂದ್. ಮೊದಲ ದಿನದ ಮಕ್ಕಳೆಲ್ಲ ಹಗ್ಗದಲ್ಲೇ ಓಡಿಸುತ್ತಿದ್ದರು.

ಸ್ಫೂರ್ತಿಯ ಪರವಾಗಿ ಶೈಲಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ದೊಡ್ಡವರಿಗಾಗಿ ಇಟ್ಟಿದ್ದ ಬೈಕಿನಲ್ಲಿ ಸಲೀಸಾಗಿ ಒಂದು ಸುತ್ತು ಹಾಕಿ ಬಂದಳು. ಕ್ಲಬ್ಬಿನ ದೊಡ್ಡ ಹುಡುಗಿಯೊಬ್ಬಳು ಹಗ್ಗ ಹಿಡಿದಳು, ಸ್ಫೂರ್ತಿ ಹೆಲ್ಮೆಟ್ ಹಾಕಿಕೊಂಡು ಟ್ರ್ಯಾಕಿಗೆ ಹೊರಟೇಬಿಟ್ಟಳು. ಚಿನ್ಮಯನ ಪರವಾಗಿಯೂ ಶೈಲಾಳೇ ಸುತ್ತು ಹಾಕಿದರಾಯಿತು ಎಂದು ನಾನು ನಿರಾಳವಾಗುತ್ತಿದ್ದೆ. ಅಷ್ಟರಲ್ಲಿ ಅವನು ನನ್ನ ಅಂಗಿ ಜಗ್ಗಿದ.

"ನಂಗೆ ಅಪ್ಪನೇ ಓಡ್ಸಿ ತೋರ್ಸ್ಬೇಕು. ಅಪ್ಪ ಓಡ್ಸಿದ್ರೆ ಹತ್ತೀನಿ. ಇಲ್ಲಾಂದ್ರೆ ಇಲ್ಲ."

"ಮಗಾ, ಅಪ್ಪಂದು ಕಾಶಿ ಹರಕೆ ಐತಲ್ಲೋ. ಮುರಿಯಂಗಿಲ್ಲ" ಎಂದೆ, ದೇವರ ಕಡೆಗೆ ಎಂಬಂತೆ ಆಕಾಶ ನೋಡುತ್ತಾ. ಚಿನ್ಮಯ ಯೋಚನೆಗೆ ಬಿದ್ದ. ಹೆದರುಪುಕ್ಕಲನಾದರೂ ಹುಡುಗ ಬುದ್ಧಿವಂತ. ಅಮ್ಮನ ಚೀಲದಿಂದ ಫೋನ್ ತೆಗೆದು ಶಿಕಾರಿಪುರದಲ್ಲೇ ಅಣ್ಣನ ಮನೆಯಲ್ಲಿದ್ದ ನನ್ನ ಅವ್ವನಿಗೆ ಕರೆ ಮಾಡಿಯೇಬಿಟ್ಟ. ಅದೂ ಸ್ಪೀಕರ್ ಹಾಕಿ!

"ಅಜ್ಜೀ, ಅಪ್ಪ ಕಾಶೀಲಿ ಬಿಟ್ಟಿದ್ದನ್ನ ಒಂದೇ ಒಂದ್ಸಲ ಮುಟ್ಟಿದ್ರೆ ದೇವ್ರು ಬೈತಾನಾ?"

"ಏನಾಗಲ್ಲೇಳಪ್ಪ ನನ್ನ ಕೂಸೆ, ಹೀರೇಕಾಯಿ ತಿಂದ್ರ ದೇವ್ರು ಯಾಕ ಬೈತಾನ?" ಎಂದಳು ಅವ್ವ.

"ಹೀರೇಕಾಯಾ?"

"ಹೂಂ ಮತ್ತ. ನಿಮ್ಮಪ್ಪ ಕಾಶಿಯಾಗ ಬಿಟ್ಟಿದ್ದು ಹೀರೇಕಾಯಿ. ಇಷ್ಟದ್ದನ್ನ ಬಿಡಪ್ಪಾ ಅಂದ್ರ, ಮೊದಲಿಂದ್ಲೂ ಸೇರದ್ದನ್ನೇ ಹುಡುಕಿ ಬಿಟ್ಟ ನೋಡು, ಖದೀಮ!"

ಶೈಲಾ ನನ್ನ ಕಡೆ ತಿರುಗಿದಳು.

"ಹೀರೇಕಾಯಿ ಬಿಟ್ಟಿದ್ರಾ? ಹಂಗಾದ್ರೆ ಹನ್ನೆರಡು ವರ್ಷದಿಂದ ನಾನು ಮಾಡಿದ ಹೀರೇಕಾಯಿ ಚಟ್ನಿ ಚಪ್ಪರಿಸಿಕೊಂಡು ತಿಂದ್ರಲ್ಲ ಮಾರಾಯ್ರೆ?"

ಮದುವೆಯಾದ ಮೊದಲ ವಾರ ಅವಳು ಆ ಚಟ್ನಿ ಮಾಡಿ ಬಡಿಸಿದಾಗ ಹೇಳಲು ಧೈರ್ಯ ಬರಲಿಲ್ಲ. ಆಮೇಲೆ ಹೇಳಲು ಮುಖವಿರಲಿಲ್ಲ. ಹೀಗೆ ಬಿಡದ ಬೈಕನ್ನು ಬಿಟ್ಟೆನೆಂದು ಹೇಳಿಯೂ, ಬಿಟ್ಟ ಹೀರೇಕಾಯಿಯನ್ನು ಬಿಡದೆಯೂ ನಾನು ಏಕಕಾಲಕ್ಕೆ ಎರಡು ಕಡೆ ಒತ್ತುವರಿ ಮಾಡಿಕೊಂಡಿದ್ದೆ.

ಬುದ್ಧಿಯಿರುವ ಯಾರಾದರೂ ಅಲ್ಲಿಗೆ ಶರಣಾಗುತ್ತಿದ್ದರು. ನಾನು, "ಅವ್ವಂಗ ವಯಸ್ಸಾತು, ಮರೆವು" ಎಂದೆ. ಚಿನ್ಮಯನ ಮುಖ ಅರಳಿತು. "ಹಂಗಾದ್ರೆ ಓಡ್ಸ್ತೀಯಾ? ಅಜ್ಜಿ ಏನಾಗಲ್ಲ ಅಂದ್ಲಲ್ಲ!"

ಮೇಡಂ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಹಾಲೇಶ, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಇಲ್ಲಿ ಮಾರ್ಕ್ಸ್ ಕಟ್ ಮಾಡಲ್ಲ. ಹಗ್ಗದ ಗಾಡಿ ಕೊಡ್ಲಾ?"

ನನ್ನ ಮಗ ನೋಡುತ್ತಿದ್ದಾನೆ. ಬಸ್ಸುಗಳನ್ನು ಹಿಂದೆ ಹಾಕಿದ ಅಪ್ಪ ಹಗ್ಗ ಕಟ್ಟಿಸಿಕೊಳ್ಳುವುದೇ? "ಹಗ್ಗ ಬ್ಯಾಡ್ರಿ ಮೇಡಂ" ಎಂದೆ. ಮೇಡಂ ಎದೆಕವಚ, ಹೆಲ್ಮೆಟ್ಟು ಎಲ್ಲವನ್ನೂ ಬಿಗಿಯಾಗಿ ಕಟ್ಟಿಸಿದರು. ಟ್ರ್ಯಾಕಿನ ಮೇಲಿದ್ದ ಮಕ್ಕಳನ್ನೆಲ್ಲ ಸೀಟಿ ಊದಿ ಆ ತುದಿಯ ಮಾವಿನ ಮರದಡಿಗೆ ಕಳಿಸಿದರು. ಅವರ ಮುಂದಾಲೋಚನೆಗೆ ನಾನು ಇವತ್ತಿಗೂ ಋಣಿ.

ಸಮಯ ತಳ್ಳಲು ಸಾವಕಾಶವಾಗಿ ಪೂಜೆ ಮಾಡಿದೆ. ಕುಂಕುಮ ಹಚ್ಚಿದೆ, ಕಾಯಿ ಒಡೆದೆ, ಆರು ಮೊಳ ಹಾರವನ್ನು ಹ್ಯಾಂಡಲ್ಲಿಗೆ ಮೂರು ಸುತ್ತು ಸುತ್ತಿದೆ. ಮುಂದಿನ ಚಕ್ರದಡಿ ನಿಂಬೆಹಣ್ಣು ಇಟ್ಟೆ. ದೃಷ್ಟಿ ತೆಗೆದ ಕುಂಬಳಕಾಯಿಯನ್ನು ಆಮೇಲೆ ಒಡೆಯೋಣವೆಂದು ನಾಲ್ಕು ಮಾರು ಆಚೆ ಇಟ್ಟೆ. ಹತ್ತಿ ಕೂತೆ. ಮೇಡಂ ಎಂಜಿನ್ ಚಾಲೂ ಮಾಡಿಕೊಟ್ಟು, "ಕ್ಲಚ್ಚು ನಿಧಾನಕ್ಕೆ ಬಿಡು" ಎಂದರು. ಯಾವುದು ಕ್ಲಚ್ಚು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮುಂದಿನದನ್ನು ಪ್ರತ್ಯಕ್ಷದರ್ಶಿಗಳ ಹೇಳಿಕೆ ಆಧರಿಸಿ ಬರೆಯುತ್ತಿದ್ದೇನೆ. ಏಕೆಂದರೆ ನಾನು ಕಣ್ಣು ಮುಚ್ಚಿದ್ದೆ.

ಬೈಕು ಒಮ್ಮೆ ಕುಪ್ಪಳಿಸಿತು. ನಿಂಬೆಹಣ್ಣು ಸಿಡಿದು ಶೈಲಾಳ ಕಾಲ ಬಳಿ ಬಿತ್ತು. ಗಾಬರಿಯಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಆಕ್ಸಲರೇಟರನ್ನು. ಬೈಕು ಟ್ರ್ಯಾಕು ಬಿಟ್ಟು ನೇರ ಕುಂಬಳಕಾಯಿಯ ಮೇಲೆ ಹತ್ತಿತು. ಕುಂಬಳಕಾಯಿ ಒಡೆಯಿತು, ಅಷ್ಟರ ಮಟ್ಟಿಗೆ ಪೂಜೆ ಶಾಸ್ತ್ರೋಕ್ತವಾಗಿ ಮುಗಿಯಿತು. ಅಲ್ಲಿಂದ ಹುಲ್ಲಿನ ಹೊರೆಗಳ ಸಾಲು ಸೀಳಿಕೊಂಡು, ಗದ್ದೆಯ ಬದು ಹಾರಿ, ಪಕ್ಕದವರ ಜಾಗ ಪ್ರವೇಶಿಸಿದೆ. ಇಡೀ ಜೀವಮಾನ ಬೇರೆಯವರ ಒತ್ತುವರಿ ತೆರವು ಮಾಡಿಸಿದವನು! "ಕೈ ಬಿಡೋ ಹಾಲೇಶಾ!" ಎಂದು ಮೇಡಂ ಕೂಗಿದರು. ಬಿಟ್ಟೆ. ಬಂದಳಿಕೆ ದಾರಿಯ ಕಥೆಯ ಹಾಗೆ, ಎರಡೂ ಕೈ.

ನಾನು ಬಿದ್ದ ಸ್ವತ್ತಿನ ಚೆಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಹುಲ್ಲಿನ ಬಣವೆ, ಪಶ್ಚಿಮಕ್ಕೆ ಮಗುಚಿ ಬಿದ್ದ ಬೈಕು, ಉತ್ತರಕ್ಕೆ ಗಾಬರಿಯಾದ ಒಂದು ಎಮ್ಮೆ, ದಕ್ಷಿಣಕ್ಕೆ ಸೀಟಿ ಊದುತ್ತಾ ಓಡಿ ಬರುತ್ತಿರುವ ನಾಗರತ್ನ ಮೇಡಂ. ಈ ಮಧ್ಯೆ ಇರುವುದೇ ಗೊಬ್ಬರದ ಗುಂಡಿ.

ಮೂಳೆಗಳೆಲ್ಲ ಸ್ವಸ್ಥಾನದಲ್ಲಿದ್ದವು. ಪ್ಯಾಂಟು ಹರಿದಿತ್ತು. ಸೊಂಟದವರೆಗೆ ಗೊಬ್ಬರ, ಕೊರಳಲ್ಲಿ ಸೇವಂತಿಗೆ ಹಾರ. ಅದು ಅಲ್ಲಿಗೆ ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ. ಮಾವಿನ ಮರದಡಿಯಿಂದ ಸ್ಫೂರ್ತಿ ಓಡಿ ಬಂದು, "ಅಪ್ಪಾ, ನಾನು ಆ ಕಡೆ ನೋಡ್ತಿದ್ದೆ. ಇನ್ನೊಂದ್ಸಲ ಬೀಳು!" ಎಂದಳು.

ಚಿನ್ಮಯ ಮಾತ್ರ ನಗಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಮುಖವನ್ನೇ ನೋಡಿದ.

"ಅಪ್ಪಾ, ನಿಂಗೆ ಹೆದ್ರಿಕೆ ಆಯ್ತಾ?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಗಾಡಿಯಲ್ಲಿ ದೋಷವಿತ್ತು ಎನ್ನಬಹುದಿತ್ತು. ನಿಂಬೆಹಣ್ಣು ಸರಿಯಿರಲಿಲ್ಲ ಎನ್ನಬಹುದಿತ್ತು. ಆದರೆ ಸೊಂಟದವರೆಗೆ ಗೊಬ್ಬರದಲ್ಲಿ ನಿಂತು ಸುಳ್ಳು ಹೇಳಲು ಬೇರೆಯೇ ಪ್ರತಿಭೆ ಬೇಕು. ಅದು ನನ್ನಲ್ಲಿರಲಿಲ್ಲ.

"ಭಾಳ ಹೆದ್ರಿಕೆ ಆತು ಮಗಾ. ನಂಗ ಬೈಕ್ ಓಡಿಸಾಕ ಬರಂಗಿಲ್ಲ. ಮೊದಲಿಂದ್ಲೂ ಬರ್ತಿರ್ಲಿಲ್ಲ. ಬಸ್ಸು ಹಿಂದೆ ಹಾಕಿದ್ದೆಲ್ಲ ಸುಳ್ಳು."

ಅವನು ಅಳುತ್ತಾನೆ ಎಂದುಕೊಂಡೆ. ಅಥವಾ ಇನ್ನು ಜನ್ಮದಲ್ಲಿ ನನ್ನ ಮಾತು ನಂಬುವುದಿಲ್ಲ ಎಂದುಕೊಂಡೆ. ಅವನು ಒಂದು ಹುಲ್ಲುಕಡ್ಡಿ ಮುರಿದ.

"ಹೆದ್ರಿಕೆ ಆದ್ರೂ ಹತ್ತಿದ್ಯಾ?"

"ಹೂಂ."

"ಹಂಗಾದ್ರೆ ನಾನೂ ಹೆದ್ರಿಕೊಂಡೇ ಹತ್ತಬಹುದಾ?"

ನಾನು ಗುಂಡಿಯಿಂದ ಮೇಲೆ ಹತ್ತಿದೆ. ಮೇಡಂ ಹೇಳಿದರು. "ಇಲ್ಲಿ ಎಲ್ಲಾರೂ ಹೆದ್ರಿಕೊಂಡೇ ಹತ್ತೋದು ಪುಟ್ಟಾ. ಹೆದ್ರಿಕೆ ಇಲ್ಲದೋರಿಗೆ ನಾನು ಗಾಡಿ ಕೊಡಲ್ಲ."

ಎಲ್ಲಕ್ಕಿಂತ ಚಿಕ್ಕ ಬೈಕಿಗೆ ಹಗ್ಗ ಕಟ್ಟಿದರು. ಚಿನ್ಮಯ ಹೆಲ್ಮೆಟ್ ಹಾಕಿಕೊಂಡು ಕೂತ. ಎದೆಯ ಕವಚ, ಮೊಣಕಾಲಿನ ಪಟ್ಟಿ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡಿಕೊಂಡ. ಹಗ್ಗದ ತುದಿಯನ್ನು ಮೇಡಂ ನನ್ನ ಕೈಗೆ ಕೊಟ್ಟರು. "ಓಡು ಹಾಲೇಶ. ಹೊಟ್ಟೆನೋವು ಅನ್ಬೇಡ."

ಓಡಿದೆ. ಹರಿದ ಪ್ಯಾಂಟಿನಲ್ಲಿ, ಗೊಬ್ಬರ ಉದುರಿಸುತ್ತಾ, ಇಡೀ ಸುತ್ತು ಓಡಿದೆ. ಹಗ್ಗ ಎಳೆಯಲು ಬೆರಳು ಸಿದ್ಧವಾಗಿಯೇ ಇತ್ತು, ಎಳೆಯುವ ಪ್ರಸಂಗವೇ ಬರಲಿಲ್ಲ. ಕೊನೆಯ ತಿರುವಿನಲ್ಲಿ ಅವನು ನಕ್ಕದ್ದು ಹೆಲ್ಮೆಟ್ಟಿನ ಒಳಗಿಂದ ಕೇಳಿಸಿತು. ಜಾರುಬಂಡಿಯಿಂದ ಮೆಟ್ಟಿಲಲ್ಲೇ ಇಳಿದು ಬರುತ್ತಿದ್ದ ನನ್ನ ಮಗ! ಮೇಡಂ ಗಡಿಯಾರ ನೋಡಿ, "ಮೂರು ವರ್ಷ ಪ್ರಯತ್ನ ಪಟ್ರೂ ಆಗಿರ್ಲಿಲ್ಲ. ಇವತ್ತು ಓಡಿದ ನೋಡ್ರಿ!" ಎಂದು ಶೈಲಾಳಿಗೆ ಹೇಳಿದರು. ನಾನು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಮೊದ್ಲು ಬೋರ್‌ವೆಲ್ ಹತ್ರ ಹೋಗಿ ತೊಳ್ಕೊ."

ತೊಳೆದುಕೊಂಡು ಬಂದರೂ ಬಸ್ಸಿನಲ್ಲಿ ನಮ್ಮ ಅಕ್ಕಪಕ್ಕ ಯಾರೂ ಕೂರಲಿಲ್ಲ. ಮಕ್ಕಳಿಬ್ಬರೂ ಮುಂದಿನ ಸೀಟಿನಲ್ಲಿ ಬಾಯಲ್ಲೇ ಗೇರು ಬದಲಿಸುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ, "ಶೈಲಾ, ಹೆಣ್ಣು ನೋಡಾಕ ಬಂದಾಗ ಸುಳ್ಳು ಹೇಳಿದ್ದೆ" ಎಂದೆ.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದ್ಲ ಸಲ ನನ್ನ ಸ್ಕೂಟರಲ್ಲಿ ಹಿಂದೆ ಕೂತ್ರಲ್ಲ, ಆಗಿಂದ. ತಿರುವು ಬಂದ್ರೆ ನಾನು ಈ ಕಡೆ ವಾಲಿದ್ರೆ ನೀವು ಆ ಕಡೆ ವಾಲ್ತೀರಿ. ಓಡ್ಸಕ್ಕೆ ಬರೋರು ಯಾರಾದ್ರೂ ಹಂಗೆ ಕೂರ್ತಾರಾ ಮಾರಾಯ್ರೆ?"

"ಮತ್ತ ಹೇಳಬಾರದಿತ್ತೇನು?"

"ನೀವು ಕಥೆ ಹೇಳುವಾಗ ಮಕ್ಕಳು ಎರಡು ತುತ್ತು ಜಾಸ್ತಿ ತಿಂತಿದ್ವು. ಇರ್ಲಿ ಬಿಡಿ ಅಂತ ಸುಮ್ನಿದ್ದೆ. ಹೀರೇಕಾಯಿ ವಿಷ್ಯ ಮಾತ್ರ ಗೊತ್ತಿರ್ಲಿಲ್ಲ."

ಹನ್ನೆರಡು ವರ್ಷ ನಾನು ಉಲ್ಟಾ ವಾಲಿದ್ದನ್ನೆಲ್ಲ ಸರಿದೂಗಿಸಿಕೊಂಡು, ಒಂದು ಮಾತೂ ಆಡದೆ ಗಾಡಿ ಓಡಿಸಿದ ಹೆಂಗಸು ಇವಳು. ಇಂಥವಳು ಸಿಕ್ಕಿದ್ದಕ್ಕೆ ಯಾವ ದೇವರಿಗೆ ಕೈ ಮುಗಿಯಲಿ ಎಂದು ಯೋಚಿಸಿದೆ. ಕಾಶಿಯ ದೇವರಿಗೆ ಮುಗಿಯಲು ಧೈರ್ಯ ಸಾಲಲಿಲ್ಲ. ಮರುದಿನ ಊಟಕ್ಕೆ ಹೀರೇಕಾಯಿ ಚಟ್ನಿ ಇತ್ತು. ನನ್ನ ತಟ್ಟೆಗೆ ಮಾತ್ರ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಷ್ಟು ವರ್ಷದಲ್ಲಿ ನಾಲಿಗೆಗೆ ಅದೇ ರೂಢಿಯಾಗಿಬಿಟ್ಟಿತ್ತು.

ಮುಂದಿನ ಭಾನುವಾರ ಮೇಡಂ ಇನ್ನೊಂದು ಅರ್ಜಿ ನನ್ನ ಮುಂದೆ ತಳ್ಳಿದರು. "ಈಗ ನಿಂದು. ಏಳು ವರ್ಷ ತುಂಬಿರ್ಬೇಕು ಅಂತ ನಿಯಮ. ತುಂಬಿದೆ ತಾನೆ?" ಹದಿನಾಲ್ಕರ ಮೇಲ್ಮಿತಿಯನ್ನು ಅವರು ದೊಡ್ಡ ಮನಸ್ಸು ಮಾಡಿ ಮರೆತರು. ಈ ಸಲ ಸುಳ್ಳಿಲ್ಲದೆ ಭರ್ತಿ ಮಾಡಿದೆ. ಹೆಸರು: ಹಾಲೇಶ. ವಯಸ್ಸು: ನಲವತ್ಮೂರು. ಅನುಭವ: ಇಲ್ಲ. ಪೋಷಕರು: ಚಿನ್ಮಯ. ಅವನು ನಾಲಿಗೆ ಹೊರಗೆ ಚಾಚಿಕೊಂಡು, ಪೂರ್ತಿ ಹೆಸರು ಬರೆದು ಸಹಿ ಹಾಕಿದ.

ಈಗ ಪ್ರತಿ ಭಾನುವಾರ ನಾನೂ ಹಗ್ಗದ ಗಾಡಿಯಲ್ಲಿ ಸುತ್ತು ಹಾಕುತ್ತೇನೆ. ಹಗ್ಗದ ತುದಿ ಚಿನ್ಮಯನ ಕೈಯಲ್ಲಿರುತ್ತದೆ. "ಹೆದ್ರಬೇಡ ಅಪ್ಪಾ, ನಾನು ಹಿಡ್ಕೊಂಡಿದೀನಿ" ಎನ್ನುತ್ತಾ ಹಿಂದೆ ಬರುತ್ತಾನೆ. ಆ ಮಾತು ಕೇಳಿದಾಗಲೆಲ್ಲ ಕಣ್ಣು ಮಂಜಾಗುತ್ತದೆ. ಹೆಲ್ಮೆಟ್ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಆದರೆ ಸುತ್ತಿಗೆ ನಾಲ್ಕು ಸಲವಾದರೂ ಹಗ್ಗ ಎಳೆದು ಎಂಜಿನ್ ನಿಲ್ಲಿಸಿಬಿಡುತ್ತಾನೆ.

ಕಳೆದ ವಾರ ಕೇಳಿಯೇಬಿಟ್ಟೆ. "ಯಾಕೋ ಮತ್ತ ಎಳೆದೆ?"

"ಸ್ಪೀಡ್ ಜಾಸ್ತಿ ಆಯ್ತು ಅಪ್ಪಾ."

ಆಗ ಟ್ರ್ಯಾಕಿನ ಪಕ್ಕದಲ್ಲಿ ಮೇಯುತ್ತಾ ಬರುತ್ತಿದ್ದ ಗೊಬ್ಬರದ ಗುಂಡಿಯ ಎಮ್ಮೆ, ನನ್ನನ್ನು ಒಮ್ಮೆ ನೋಡಿ, ದಾಟಿಕೊಂಡು ಮುಂದೆ ಹೋಯಿತು.